ಕೆಂಪು ಬಂಡಿ ಬರುವ ಮುನ್ನ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹವನ್ನು ಆಚರಿಸಲಾಗುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ತುಂಬಿಕೊಂಡು ನಿಂತಿದ್ದ ‘ಫೋರ್ಟ್ ಸ್ಟೈಕೀನ್’ ಎಂಬ ಹಡಗು ಹೊತ್ತಿ ಸಿಡಿಯಿತು. ಅದನ್ನು ನಂದಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ಸ್ಮರಣೆಗಾಗಿ ನಡೆಯುವ ಈ ವಾರದಲ್ಲಿ ಸಿಬ್ಬಂದಿ ಶಾಲೆಗಳಿಗೆ ಬಂದು, ಎಣ್ಣೆಯ ಬೆಂಕಿಗೆ ನೀರು ಸುರಿಯಬಾರದೆಂದೂ, ಗ್ಯಾಸ್ ಸೋರಿದಾಗ ವಿದ್ಯುತ್ ಗುಂಡಿಯನ್ನು ಒತ್ತಬಾರದೆಂದೂ, ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನೆಲದ ಮೇಲೆ ಉರುಳಬೇಕೆಂದೂ ಮಕ್ಕಳಿಗೆ ತೋರಿಸಿಕೊಡುತ್ತಾರೆ. ಇದು ಒಳ್ಳೆಯ ಪಾಠ. ಆದರೆ ಈ ಪಾಠದಲ್ಲಿ ಬಾರದ ಪ್ರಶ್ನೆಯೊಂದಿದೆ: ಊರಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವ ಹೊಣೆ ಯಾರದು? ಈ ವಾರದ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಡೋಣ.

ಕೆಂಪು ಬಂಡಿ ಪುರಸಭೆಯದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಮುಂಬಯಿಯ ಮಟ್ಟಿಗೆ ಅದು ನಿಜ. ಅಲ್ಲಿಯ ಅಗ್ನಿಶಾಮಕ ದಳವು ಇಂದಿಗೂ ಮಹಾನಗರಪಾಲಿಕೆಗೆ ಸೇರಿದ್ದು. ರಾಯದುರ್ಗದಲ್ಲಾಗಲಿ ಮಡಕಶಿರದಲ್ಲಾಗಲಿ ಹಾಗಿಲ್ಲ. ನಮ್ಮಲ್ಲಿ ಬಂಡಿ, ಚಾಲಕ, ಕೊಳವೆ, ಠಾಣೆ ಎಲ್ಲವೂ ರಾಜ್ಯ ಸರ್ಕಾರದ ಇಲಾಖೆಗೆ ಸೇರಿದವು. ಅವನ್ನು ನಡೆಸುವುದು 1999ರ ಆಂಧ್ರಪ್ರದೇಶ ಅಗ್ನಿಶಾಮಕ ಸೇವಾ ಕಾಯಿದೆ. ಕರ್ನಾಟಕದಲ್ಲಿಯೂ ಇದೇ ವ್ಯವಸ್ಥೆ. ಅಲ್ಲಿಯದು 1964ರ ಕಾಯಿದೆ. ಹಾಗಾದರೆ ಸಂವಿಧಾನ ಏನು ಹೇಳುತ್ತದೆ? 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಿತು. ಅವುಗಳಲ್ಲಿ ಏಳನೆಯದು ಅಗ್ನಿಶಾಮಕ ಸೇವೆ. ಆದರೆ 243ಡಬ್ಲ್ಯು ವಿಧಿಯ ಮಾತು ‘ವಹಿಸಬಹುದು’ ಎಂಬುದೇ ಹೊರತು ‘ವಹಿಸತಕ್ಕದ್ದು’ ಎಂಬುದಲ್ಲ. ರಾಜ್ಯಗಳು ಆ ‘ಬಹುದು’ ಎಂಬ ಪದವನ್ನು ಹಿಡಿದುಕೊಂಡು ಬಂಡಿಯನ್ನು ತಮ್ಮ ಬಳಿಯೇ ಇರಿಸಿಕೊಂಡವು. ಸಣ್ಣ ಊರುಗಳ ಪಾಲಿಗೆ ಇದರಿಂದ ನಷ್ಟವಾಯಿತೆಂದು ನಾವು ಹೇಳುವುದಿಲ್ಲ. ನೌಕರರ ಸಂಬಳಕ್ಕೇ ತಡಕಾಡುವ ಪುರಸಭೆಯ ಕೈಯಲ್ಲಿ ದುಬಾರಿ ಬಂಡಿಯನ್ನಿಟ್ಟರೆ ಅದು ಚಕ್ರವಿಲ್ಲದೆ ಮೂಲೆ ಸೇರುವ ಭಯವೇ ಹೆಚ್ಚು. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಅಗ್ನಿಶಾಮಕ ಸೇವೆಗಳ ವಿಸ್ತರಣೆಗೂ ಆಧುನೀಕರಣಕ್ಕೂ ಆರಂಭಿಸಿದ 5,000 ಕೋಟಿ ರೂಪಾಯಿಗಳ ಯೋಜನೆಯ ಹಣವೂ ರಾಜ್ಯಗಳ ಮೂಲಕವೇ ಹರಿಯಬೇಕಾದದ್ದು.

ಬಂಡಿ ತನ್ನದಲ್ಲವೆಂಬ ಕಾರಣಕ್ಕೆ ಬೆಂಕಿಯ ವಿಚಾರವೇ ತನ್ನದಲ್ಲವೆಂದು ಪುರಸಭೆ ಕೈತೊಳೆದುಕೊಳ್ಳುವಂತಿಲ್ಲ. ನಂದಿಸುವ ಕೆಲಸ ಬೇರೆ, ತಡೆಯುವ ಕೆಲಸ ಬೇರೆ. ತಡೆಯುವ ಅಧಿಕಾರದ ಬಹುಭಾಗವು ಊರಿನ ಆಡಳಿತದ ಬಳಿಯೇ ಇದೆ. ಅದೂ ಇಂದು ನಿನ್ನೆಯದಲ್ಲ. ರಾಯದುರ್ಗವು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಮಡಕಶಿರವು ಅನಂತಪುರ ಜಿಲ್ಲೆಯಲ್ಲಿತ್ತು. ಎರಡೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತದ ಪಟ್ಟಣಗಳಿಗೆ ಅನ್ವಯಿಸುತ್ತಿದ್ದ 1920ರ ಜಿಲ್ಲಾ ಪುರಸಭೆಗಳ ಕಾಯಿದೆಯ ನಿಯಮಗಳು ಹಲವು ಮಾರ್ಪಾಡುಗಳೊಂದಿಗೆ 1965ರ ಆಂಧ್ರಪ್ರದೇಶ ಪುರಸಭೆಗಳ ಕಾಯಿದೆಗೆ ಇಳಿದು ಬಂದಿವೆ. ಹುಲ್ಲು, ಗರಿ, ಚಾಪೆ, ಬಟ್ಟೆಗಳಂತಹ ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ಮಾಡು, ಪಡಸಾಲೆ, ಚಪ್ಪರ, ಗೋಡೆಗಳನ್ನು ಅನುಮತಿಯಿಲ್ಲದೆ ಕಟ್ಟಬಾರದೆಂಬುದು ಅಂತಹ ಒಂದು ನಿಯಮ. ಸೌದೆ, ಮರಮುಟ್ಟು ಮೊದಲಾದವನ್ನು ಒಟ್ಟಿರುವವರಿಗೆ ಬೆಂಕಿಯ ಅಪಾಯ ತಪ್ಪಿಸಲು ಇಂತಿಂಥ ಕ್ರಮ ಕೈಗೊಳ್ಳಿರೆಂದು ನೋಟೀಸು ಕೊಡುವ ಅಧಿಕಾರ ಇನ್ನೊಂದು. ಬೆಂಕಿ ಬಿದ್ದಾಗ ಜನ ಹೊರಬರಲು ಸಾಲದಷ್ಟು ಇಕ್ಕಟ್ಟಾದ ಮೆಟ್ಟಿಲುಗಳಿರುವ ಕಟ್ಟಡದ ಮಾಲೀಕನಿಗೆ ಮತ್ತೊಂದು ಮೆಟ್ಟಿಲು ಕಟ್ಟಿಸೆಂದು ಆಜ್ಞಾಪಿಸುವುದು ಮಗದೊಂದು. ಇವುಗಳ ಜೊತೆಗೆ ಕಟ್ಟಡದ ನಕ್ಷೆಗೆ ಮಂಜೂರಾತಿ ನೀಡುವುದು, ಅಪಾಯಕರ ವ್ಯಾಪಾರಗಳಿಗೆ ಪರವಾನಗಿ ಕೊಡುವುದು ಅಥವಾ ನಿರಾಕರಿಸುವುದು, ಬೀದಿಯ ಒತ್ತುವರಿ ತೆರವುಗೊಳಿಸುವುದು, ನೀರಿನ ತೊಟ್ಟಿ ತುಂಬಿಸಿಡುವುದು. ಇವೆಲ್ಲ ಪುರಸಭೆಯ ಕೆಲಸಗಳೇ. ಬಂಡಿ ಎಷ್ಟೇ ಹೊಸದಾಗಿದ್ದರೂ ಎಂಟಡಿ ಅಗಲದ ಓಣಿಯೊಳಗೆ ಅದು ನುಗ್ಗಲಾರದು. ಆ ಓಣಿಯನ್ನು ಹಾಗೆ ಬಿಟ್ಟವರು ಅಗ್ನಿಶಾಮಕದವರಲ್ಲ.

ಅಧಿಕಾರವಿದ್ದೂ ಬಳಸದೆ ಹೋದರೆ ಏನಾಗುತ್ತದೆಂಬುದಕ್ಕೆ ಲಂಡನ್ ನಗರದ ಹಳೆಯ ಕಥೆಯೊಂದಿದೆ. 1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಬ್ರೆಡ್ ಸುಡುವವನೊಬ್ಬನ ಅಂಗಡಿಯಲ್ಲಿ ಹೊತ್ತಿದ ಬೆಂಕಿಯ ಮುಂದಿನ ಮನೆಗಳನ್ನು ಕೆಡವಿ ಅದರ ದಾರಿಯನ್ನು ಕಡಿಯಬೇಕಿತ್ತು. ಆ ಊರಿನ ಮೇಯರ್ ಥಾಮಸ್ ಬ್ಲಡ್‌ವರ್ತ್ ಮಾಲೀಕರ ಒಪ್ಪಿಗೆಯಿಲ್ಲದೆ ಕೆಡವಿದರೆ ಪರಿಹಾರ ಕೊಡುವವರಾರೆಂದು ಹಿಂಜರಿದ. ಸುಮಾರು 13,000 ಮನೆಗಳು ಬೂದಿಯಾದವು. ಇಂದು ಅಗ್ನಿಶಾಮಕ ಕಾಯಿದೆಗಳು ಸ್ಥಳದಲ್ಲಿರುವ ಅಧಿಕಾರಿಗೆ ಬಾಗಿಲು ಒಡೆಯುವ, ಗೋಡೆ ಕೆಡಹುವ, ರಸ್ತೆ ಮುಚ್ಚುವ, ಯಾರದೇ ಬಾವಿಯಿಂದ ನೀರೆತ್ತುವ ಅಧಿಕಾರವನ್ನು ಮೊದಲೇ ಕೊಟ್ಟಿರುವುದು ಇಂತಹ ಹಿಂಜರಿಕೆಗೆ ಎಡೆಯಿರಬಾರದೆಂದೇ.

ನಮ್ಮ ಸೀಮೆಗೆ ಮರಳೋಣ. ರಾಯದುರ್ಗ ಇಂದು ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಬಟ್ಟೆಯ ಥಾನು, ನೂಲಿನ ಉಂಡೆ, ಕತ್ತರಿಸಿ ಉಳಿದ ಚಿಂದಿ, ಇಸ್ತ್ರಿಪೆಟ್ಟಿಗೆ, ಒಂದೇ ತಂತಿಯಿಂದ ಹತ್ತು ಯಂತ್ರಗಳಿಗೆ ಎಳೆದ ವಿದ್ಯುತ್ತು: ಇವೆಲ್ಲ ವಾಸದ ಮನೆಯ ನಡುಮನೆಯಲ್ಲೇ ಕೂಡಿದಾಗ ಅದು ಮನೆಯೋ ಕಾರ್ಖಾನೆಯೋ ಎಂಬ ಪ್ರಶ್ನೆ ಏಳುತ್ತದೆ. ಪರವಾನಗಿ ನೀಡುವಾಗ ಪುರಸಭೆ ಕೇಳಬೇಕಾದ ಪ್ರಶ್ನೆಯೂ ಅದೇ. ಹೊಲಿಗೆಯಿಂದ ಬದುಕುವ ಬಡ ಕುಟುಂಬಗಳ ಮೇಲೆ ನೋಟೀಸಿನ ಭಾರ ಹೇರಬೇಕೆಂದು ನಾವು ಹೇಳುತ್ತಿಲ್ಲ. ಚಿಂದಿಯನ್ನು ದಿನದಿನವೂ ಹೊರಹಾಕುವ ವ್ಯವಸ್ಥೆ, ತಂತಿಗಳ ತಪಾಸಣೆ, ಬಾಗಿಲಿಗೆ ಅಡ್ಡವಾಗಿ ಮೂಟೆ ಒಟ್ಟದಂತೆ ಎಚ್ಚರಿಕೆ, ಇಷ್ಟನ್ನು ಪುರಸಭೆಯೇ ಮುಂದೆ ನಿಂತು ಮಾಡಿಸಿದರೆ ಹೊಲಿಯುವವರಿಗೂ ಅದೇ ಹಿತ. ಮಡಕಶಿರದ ಕಡೆ ರೇಷ್ಮೆ ಹುಳುಮನೆಗಳಿವೆ. ಗರಿಯ ಮಾಡು, ಬಿದಿರಿನ ಚಂದ್ರಿಕೆ, ಚಳಿಗಾಲದಲ್ಲಿ ಹುಳುಗಳಿಗೆ ಕಾವು ಕೊಡಲು ಇಡುವ ಕೆಂಡದ ಅಗ್ಗಿಷ್ಟಿಕೆ, ಇವು ಮೂರೂ ಒಂದೇ ಸೂರಿನಡಿ ಇರುತ್ತವೆ. ಇನ್ನು ಶೇಂಗಾ ಹೊಟ್ಟಿನ ಬಣವೆಯನ್ನು ಕುರಿತು ಹೇಳುವುದೇ ಬೇಡ. ಮನೆಯ ಹಿತ್ತಲಿನ ಬಣವೆಗೆ ಬಿದ್ದ ಕಿಡಿ ಒಂದು ಗಳಿಗೆಯಲ್ಲಿ ವರ್ಷದ ಮೇವನ್ನೆಲ್ಲ ನುಂಗುತ್ತದೆ.

ಆದರೆ ಹುಳುಮನೆಗಳೂ ಬಣವೆಗಳೂ ಹೆಚ್ಚಾಗಿರುವುದು ಹಳ್ಳಿಗಳಲ್ಲಿ. ಮಡಕಶಿರ ನಗರ ಪಂಚಾಯತಿಯ ಎಲ್ಲೆ ದಾಟಿ ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರಗಳ ಕಡೆಗೆ ಹೋದರೆ, ರಾಯದುರ್ಗ ಪುರಸಭೆಯ ಎಲ್ಲೆ ದಾಟಿ ಡಿ. ಹಿರೇಹಾಳು, ಬೊಮ್ಮನಹಾಳುಗಳ ಕಡೆಗೆ ಹೋದರೆ ಪುರಸಭೆಗಳ ಕಾಯಿದೆ ಅಲ್ಲಿ ನಡೆಯದು. ಪಂಚಾಯತಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ ಅಗ್ನಿಶಾಮಕ ಸೇವೆಯ ಹೆಸರೇ ಇಲ್ಲ. ಪಟ್ಟಿ ಬರೆದವರು ಬೆಂಕಿ ಪಟ್ಟಣಗಳಲ್ಲಿ ಮಾತ್ರ ಬೀಳುತ್ತದೆಂದು ತಿಳಿದಿದ್ದರೋ ಏನೋ.

ಶಾಲೆಗಳ ವಿಷಯಕ್ಕೆ ಬಂದಾಗ ಬರೆಯುವ ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಮಧ್ಯಾಹ್ನದ ಊಟದ ಅಡಿಗೆಮನೆಯಿಂದ ಎದ್ದ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಬೆಂದುಹೋದರು. ಮೇಲೆ ಗರಿಯ ಮಾಡು, ಕೆಳಗೆ ಇಕ್ಕಟ್ಟಾದ ಮೆಟ್ಟಿಲು: ಮದ್ರಾಸ್ ಪ್ರಾಂತದ ಕಾಯಿದೆ 1920ರಲ್ಲೇ ಹೆಸರಿಸಿ ಎಚ್ಚರಿಸಿದ್ದ ಎರಡು ದೋಷಗಳೂ ಒಂದೇ ಕಟ್ಟಡದಲ್ಲಿದ್ದವು. ಕುಂಭಕೋಣವೂ ಆಗ ಪುರಸಭೆಯೇ. ಆ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅವಿನಾಶ್ ಮೆಹರೋತ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು ತೀರ್ಪಿತ್ತು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆಯೆಂದು ಸಾರಿತು. ಶಾಲೆಗಳಲ್ಲಿ ಬೆಂಕಿ ನಂದಿಸುವ ಉಪಕರಣಗಳಿರಬೇಕು, ಶಿಕ್ಷಕರಿಗೂ ಸಿಬ್ಬಂದಿಗೂ ಅವುಗಳ ಬಳಕೆಯಲ್ಲಿ ತರಬೇತಿಯಿರಬೇಕು ಎಂದು ನಿರ್ದೇಶಿಸಿತು. ಈ ತೀರ್ಪು ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ, ತೆಲುಗು ಮಾಧ್ಯಮಕ್ಕೂ ಕನ್ನಡ ಮಾಧ್ಯಮಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯೆಂಬ ನೆಪದಲ್ಲಿ ಹಳೆಯ ಕಟ್ಟಡದ ಹಿಂದಿನ ಕೊಠಡಿಗೆ ತಳ್ಳಿಸಿಕೊಳ್ಳುವುದು ಅಲ್ಪಸಂಖ್ಯಾತ ಮಾಧ್ಯಮಗಳಿಗೆ ಹೊಸ ಅನುಭವವಲ್ಲವಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಆದರೆ ಪುರಸಭೆಯ ಹೊಣೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಕರಣ ಹರಿಯಾಣದ ಡಬವಾಲಿಯದು. 1995ರ ಡಿಸೆಂಬರ್ 23ರಂದು ಅಲ್ಲಿನ ಕಲ್ಯಾಣಮಂಟಪವೊಂದರಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿತ್ತು. ಮೇಲೆ ಕೃತಕ ನೂಲಿನ ಬಟ್ಟೆಯ ಚಪ್ಪರ. ಜನ ಹೊರಬರಲು ದಾರಿ ಸಾಲದು. ಬೆಂಕಿ ಹೊತ್ತಿದಾಗ ಆ ಬಟ್ಟೆ ಕರಗಿ ಉರಿಯುತ್ತಾ ಜನರ ಮೇಲೆ ಬಿತ್ತು. 442 ಮಂದಿ ಸತ್ತರು. ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಡಬವಾಲಿ ಮಹಾನಗರವಲ್ಲ, ರಾಯದುರ್ಗದಂತೆಯೇ ಒಂದು ಸಣ್ಣ ಊರು, ಅದೂ ಎರಡು ರಾಜ್ಯಗಳ ಗಡಿಯಲ್ಲಿರುವ ಊರು. 2009ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಪರಿಹಾರವನ್ನು ನಿಗದಿಪಡಿಸಿದಾಗ ಅದನ್ನು ಶಾಲೆಯ ಮತ್ತು ಮಂಟಪದ ಒಡೆಯರ ಮೇಲೆ ಮಾತ್ರ ಹೊರಿಸಲಿಲ್ಲ. ರಾಜ್ಯ ಸರ್ಕಾರ ಮತ್ತು ವಿದ್ಯುತ್ ಸಂಸ್ಥೆಯೊಂದಿಗೆ ಪುರಸಭೆಯೂ ಅದರಲ್ಲಿ ಪಾಲು ಹೊರಬೇಕೆಂದಿತು. ಬೆಂಕಿ ಹಚ್ಚಿದ್ದು ಪುರಸಭೆಯಲ್ಲ. ನಂದಿಸಲಾಗದೆ ಹೋದ ತಪ್ಪಷ್ಟೇ ಅದರದೂ ಅಲ್ಲ. ಅನುಮತಿಯಿಲ್ಲದ ಕಟ್ಟಡ ತನ್ನ ಕಣ್ಣೆದುರೇ ಎದ್ದು ನಿಂತು ವ್ಯವಹಾರ ನಡೆಸುತ್ತಿದ್ದಾಗ ಸುಮ್ಮನಿದ್ದುದಕ್ಕೆ ಅದು ಉತ್ತರ ಕೊಡಬೇಕಾಯಿತು. ಅಧಿಕಾರವೆಂದರೆ ಬಳಸಿದರೂ ಬಿಟ್ಟರೂ ನಡೆಯುವ ಸೌಕರ್ಯವೆಂದು ತಿಳಿದಿರುವ ಕಚೇರಿಗಳು ಈ ತೀರ್ಪನ್ನು ಓದಬೇಕು.

ವಾರ್ಷಿಕೋತ್ಸವ, ರಾಜ್ಯೋತ್ಸವ, ಬೀಳ್ಕೊಡುಗೆ ಸಮಾರಂಭಗಳಿಗೆ ನಮ್ಮ ಶಾಲೆಗಳೂ ಶಾಮಿಯಾನ ಹಾಕಿಸುತ್ತವೆ, ಕಲ್ಯಾಣಮಂಟಪ ಹಿಡಿಯುತ್ತವೆ. ಹಿಡಿಯುವ ಮುನ್ನ ಮಂಟಪಕ್ಕೆ ಎಷ್ಟು ಬಾಗಿಲುಗಳಿವೆ, ಕಾರ್ಯಕ್ರಮ ನಡೆಯುವಾಗ ಅವಕ್ಕೆ ಬೀಗ ಹಾಕಿರುತ್ತಾರೆಯೇ, ಅಡಿಗೆಯ ಸಿಲಿಂಡರುಗಳು ಜನ ಕೂರುವ ಜಾಗಕ್ಕೆ ಎಷ್ಟು ದೂರದಲ್ಲಿವೆ ಎಂದು ನೋಡಿಬರುವುದು ಕಷ್ಟದ ಕೆಲಸವಲ್ಲ. ಅದರ ಮೇಲೆ ಕೇಳಬೇಕಾದ ಒಂದು ಕಾಗದವಿದೆ. ಆಂಧ್ರಪ್ರದೇಶದ ನಿಯಮಗಳಂತೆ ಶಾಲೆ, ಚಿತ್ರಮಂದಿರ, ಕಲ್ಯಾಣಮಂಟಪದಂತಹ ಜನ ಸೇರುವ ಕಟ್ಟಡಗಳ ನಿವೇಶನ 500 ಚದರ ಮೀಟರಿಗಿಂತ ಹೆಚ್ಚಿದ್ದರೆ ಅಥವಾ ಕಟ್ಟಡದ ಎತ್ತರ 6 ಮೀಟರು ಮೀರಿದರೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಎರಡು ಅಂತಸ್ತಿನ ಶಾಲೆ ಬಹುಮಟ್ಟಿಗೆ ಈ ಎತ್ತರವನ್ನು ಮುಟ್ಟುತ್ತದೆ. ಪತ್ರ ಕೊಡುವುದು ಇಲಾಖೆ, ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವುದು ಪುರಸಭೆ. ಇಬ್ಬರಲ್ಲಿ ಯಾರನ್ನು ಕೇಳಿದರೂ ಇನ್ನೊಬ್ಬರನ್ನು ತೋರಿಸುವುದುಂಟು. ಆದ್ದರಿಂದ ಇಬ್ಬರನ್ನೂ ಕೇಳಬೇಕು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಂದಿನಿಂದ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಅರ್ಜಿ ಬರೆಯುವವರು ಜಿಲ್ಲೆಯ ಹೆಸರನ್ನು ಗಮನವಿಟ್ಟು ಬರೆಯಬೇಕು.

ದೀಪಾವಳಿಯ ಪಟಾಕಿ ಅಂಗಡಿಗಳದು ಇನ್ನೊಂದು ಚಿಂತೆ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಗಡಿ ಊರಾದ ಅತ್ತಿಬೆಲೆಯಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ತಮಿಳುನಾಡಿನಿಂದ ದುಡಿಯಲು ಬಂದಿದ್ದ ಯುವಕರು. 2008ರ ಸ್ಫೋಟಕ ನಿಯಮಗಳು ತಾತ್ಕಾಲಿಕ ಪಟಾಕಿ ಅಂಗಡಿಗಳಿಗೆ ವಿಧಿಸುವ ಷರತ್ತುಗಳು ಖಚಿತವಾಗಿವೆ: ಬೆಂಕಿ ಹತ್ತದ ವಸ್ತುವಿನಿಂದ ಕಟ್ಟಿರಬೇಕು, ಅಂಗಡಿಯಿಂದ ಅಂಗಡಿಗೆ ಕನಿಷ್ಠ 3 ಮೀಟರು ಅಂತರವಿರಬೇಕು, ಒಂದಕ್ಕೊಂದು ಎದುರುಬದುರಾಗಿರಬಾರದು, ಒಂದು ಗುಂಪಿನಲ್ಲಿ 50ಕ್ಕಿಂತ ಹೆಚ್ಚಿರಬಾರದು, ಎಣ್ಣೆಯ ದೀಪವನ್ನಾಗಲಿ ಬಯಲು ಉರಿಯನ್ನಾಗಲಿ ಇಡಬಾರದು, ಜನ ವಾಸಿಸುವ ಅಥವಾ ಸೇರುವ ಕಟ್ಟಡಗಳಿಂದ 50 ಮೀಟರು ದೂರವಿರಬೇಕು. ಶಾಲೆಯೂ ಅಂತಹ ಕಟ್ಟಡವೇ. ಊರಿನಲ್ಲಿ ಬಯಲು ಬೇರೆಲ್ಲೂ ಇಲ್ಲವೆಂದು ಶಾಲೆಯ ಮೈದಾನದಲ್ಲಿಯೇ ಅಂಗಡಿಗಳ ಸಾಲು ಹಾಕಿಸುವಾಗ ಈ 50 ಮೀಟರನ್ನು ಹೆಜ್ಜೆಯಲ್ಲಿ ಅಳೆದು ನೋಡಬಹುದು. ಎಂಟನೆಯ ತರಗತಿಯ ಮಕ್ಕಳಿಂದ ಅಳೆಸಿದರೆ ಗಣಿತದ ಪಾಠವೂ ಆಯಿತು.

ಅವಘಡ ನಡೆದೇ ಹೋದಾಗ ಕರೆ ಮಾಡಬೇಕಾದ ಸಂಖ್ಯೆ 101; 112 ಕೂಡ ಆಗುತ್ತದೆ. ಆದರೆ ಮಡಕಶಿರದ ಬಹುಪಾಲು ಗಡಿ ಕರ್ನಾಟಕಕ್ಕೆ ಹೊಂದಿಕೊಂಡಿದೆ. ಅಂಚಿನ ಹಳ್ಳಿಗಳಲ್ಲಿ ಮೊಬೈಲು ಆಚೆಯ ರಾಜ್ಯದ ಗೋಪುರವನ್ನು ಹಿಡಿದರೆ ಕರೆ ಆಚೆಯ ರಾಜ್ಯಕ್ಕೇ ಹೋಗಿ, ಊರಿನ ಹೆಸರನ್ನು ಮೂರು ಸಲ ಹೇಳುವಷ್ಟರಲ್ಲಿ ಬಣವೆ ಉರಿದು ಹೋಗಿರುತ್ತದೆ. ಆದ್ದರಿಂದ ಹತ್ತಿರದ ಅಗ್ನಿಶಾಮಕ ಠಾಣೆಯ ನೇರ ದೂರವಾಣಿ ಸಂಖ್ಯೆಯನ್ನು ಪಡೆದು ಶಾಲೆಯ ಗೋಡೆಯ ಮೇಲೆ ಬರೆಸಿಡುವುದು ಒಳ್ಳೆಯದು. ಆಚೆಯ ರಾಜ್ಯದ ಠಾಣೆ ಹತ್ತಿರವಿದ್ದರೆ ಅದರ ಸಂಖ್ಯೆಯೂ ಇರಲಿ; ಬೆಂಕಿಗೆ 1953ರ ಗಡಿ ಗೊತ್ತಿಲ್ಲ. ನಮ್ಮ ಪಠ್ಯಪುಸ್ತಕದ ‘ಅಗ್ನಿಶಾಮಕ’ವೇ ಇಲ್ಲಿಯ ಠಾಣೆಯ ಫಲಕದ ಮೇಲೆ ತೆಲುಗಿನಲ್ಲಿ ‘ಅಗ್ನಿಮಾಪಕ’ವಾಗುತ್ತದೆಂದೂ ಮಕ್ಕಳಿಗೆ ಹೇಳಿಕೊಡಬೇಕು. ಎರಡೇ ಅಕ್ಷರಗಳ ವ್ಯತ್ಯಾಸವಾದರೂ ಗಾಬರಿಯ ಹೊತ್ತಿನಲ್ಲಿ ಮಗುವಿಗೆ ಅದೇ ಬೆಟ್ಟವಾದೀತು.

ಭಾಷೆಯ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬೇಕು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಕುರಿತ 1956ರ ಕೇಂದ್ರ ಸರ್ಕಾರದ ಜ್ಞಾಪನಪತ್ರವು, ಒಂದು ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯವಾದ ಸರ್ಕಾರಿ ಪ್ರಕಟಣೆಗಳನ್ನೂ ನಿಯಮಗಳನ್ನೂ ಆ ಭಾಷೆಯಲ್ಲಿಯೂ ಪ್ರಕಟಿಸುವುದು ಒಳಿತೆಂದು ಹೇಳಿದೆ. ಬೆಂಕಿಯ ಎಚ್ಚರಿಕೆಗಿಂತ ಮುಖ್ಯವಾದ ಪ್ರಕಟಣೆ ಯಾವುದಿದೆ? ಪರವಾನಗಿಯ ಷರತ್ತುಗಳು, ಪಟಾಕಿಯ ನಿಯಮಗಳು, ಮಂಟಪದ ತುರ್ತು ಬಾಗಿಲಿನ ಫಲಕ, ಇವು ಕನ್ನಡದಲ್ಲಿಯೂ ಇರಲೆಂದು ನಾವು ಕೇಳಬಹುದು. ಕೇಳುವ ಅರ್ಜಿಯನ್ನೂ ಕನ್ನಡದಲ್ಲಿಯೇ ಬರೆಯಬಹುದು. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ.

ಪೋಷಕರ ಸಮಿತಿ ಸೇರಿದಾಗ ಅರ್ಜಿಯೊಂದನ್ನು ಬರೆದು ಪುರಸಭೆಯ ಅಥವಾ ನಗರ ಪಂಚಾಯತಿಯ ಆಯುಕ್ತರಿಗೆ ಕೊಡಬಹುದು. ಹಳ್ಳಿಯಾದರೆ ಪಂಚಾಯತಿ ಕಾರ್ಯದರ್ಶಿಗೂ ಮಂಡಲ ಶಿಕ್ಷಣಾಧಿಕಾರಿಗೂ ಕೊಡಬೇಕು. ಶಾಲೆಯ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಪತ್ರ ಬೇಕೇ, ಬೇಕಿದ್ದರೆ ಅದು ಇದೆಯೇ, ಅಡಿಗೆ ಕೊಠಡಿ ತರಗತಿಗಳಿಂದ ಪ್ರತ್ಯೇಕವಾಗಿದೆಯೇ, ಬೆಂಕಿ ನಂದಿಸುವ ಸಿಲಿಂಡರಿನ ಅವಧಿ ಎಂದಿಗೆ ಮುಗಿಯುತ್ತದೆ, ಶಾಲೆಯ ಬಾಗಿಲವರೆಗೆ ಬಂಡಿ ಬರುವಷ್ಟು ರಸ್ತೆ ತೆರವಾಗಿದೆಯೇ ಎಂಬ ಪ್ರಶ್ನೆಗಳು ಅದರಲ್ಲಿರಲಿ. ಒಂದು ಪ್ರತಿಯನ್ನು ಠಾಣೆಯ ಅಧಿಕಾರಿಗೂ ಕಳುಹಿಸಿ, ಕಚೇರಿಯ ಮುದ್ರೆ ಒತ್ತಿದ ಸ್ವೀಕೃತಿಯನ್ನು ಶಾಲೆಯ ಕಡತದಲ್ಲಿ ಇರಿಸಿಕೊಳ್ಳಿ.